ಎದೆಯ ಚರ್ಮದಡಿಯ ಯಂತ್ರ, ಅಜ್ಜಿಯ ಕೈಯ ಅಯಸ್ಕಾಂತ

ಪೆರ್ಲದ ಕಡೆಯ ಒಂದು ಮನೆ. ಹದಿನಾರು ವರ್ಷದ ಹುಡುಗನಿಗೆ ಚಾವಡಿಯಲ್ಲಿ ಫಿಟ್ಸ್ ಬಂತು. ಅಮ್ಮ ತೋಟದಲ್ಲಿದ್ದರು. ಅಜ್ಜಿ ಓಡಿ ಬಂದು, ಬಾಗಿಲ ಬಳಿಯ ಮೊಳೆಗೆ ತೂಗುಹಾಕಿದ್ದ ಅಯಸ್ಕಾಂತವನ್ನು ತೆಗೆದು ಮೊಮ್ಮಗನ ಮುಷ್ಟಿಯೊಳಗೆ ಇಟ್ಟು ಗಟ್ಟಿಯಾಗಿ ಹಿಡಿದುಕೊಂಡರು. ಎರಡು ನಿಮಿಷದಲ್ಲಿ ಫಿಟ್ಸ್ ತಾನಾಗಿ ನಿಂತಿತು. ಮುಂದಿನ ವಾರ ಕಾಸರಗೋಡಿನಲ್ಲಿ ನನ್ನನ್ನು ನೋಡಲು ಬಂದಾಗ ಅಜ್ಜಿಯೇ ಇದನ್ನು ಹೇಳಿದರು. "ಬೀಗದ ಕೈ ಕೊಡುವ ಹಾಗೆಯೇ ಅಲ್ವಾ ಡಾಕ್ಟ್ರೇ? ಇದೂ ಕಬ್ಬಿಣವೇ."

ತಪ್ಪು ನಮ್ಮದು. ಅಯಸ್ಕಾಂತವನ್ನು ಹೇಗೆ ಬಳಸಬೇಕು ಅಂತ ಅಮ್ಮನಿಗೆ ಮಾತ್ರ ಹೇಳಿಕೊಟ್ಟಿದ್ದೆವು. ಹಗಲು ಹೊತ್ತು ಮನೆಯಲ್ಲಿ ಇರುವುದು ಅಜ್ಜಿ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದನ್ನು ಅವರು ಚಿಕ್ಕಂದಿನಿಂದ ನೋಡಿದ್ದಾರೆ. ಆ ಅಯಸ್ಕಾಂತ ಹುಡುಗನ ಕೈಗಲ್ಲ, ಎದೆಗೆ ಬೇಕಾದದ್ದು. ಅವನ ಎಡಗಡೆಯ ಕೊರಳೆಲುಬಿನ ಕೆಳಗೆ, ಚರ್ಮದ ಅಡಿಯಲ್ಲಿ, ಕೈಗಡಿಯಾರದ ಡಯಲ್‌ನಷ್ಟು ದೊಡ್ಡ, ಫಿಟ್ಸ್ ಕಡಿಮೆ ಮಾಡಲು ಹಾಕಿದ ಒಂದು ಯಂತ್ರ ಇದೆ.

ಆ ಯಂತ್ರದಿಂದ ಒಂದು ತೆಳು ತಂತಿ ಚರ್ಮದ ಅಡಿಯಲ್ಲೇ ಕುತ್ತಿಗೆಗೆ ಹೋಗುತ್ತದೆ. ಅಲ್ಲಿ ವೇಗಸ್ ಎಂಬ ನರಕ್ಕೆ ಬಳ್ಳಿ ಕಂಬಕ್ಕೆ ಸುತ್ತಿದ ಹಾಗೆ ಸುತ್ತಿಕೊಂಡಿರುತ್ತದೆ. ವೇಗಸ್ ಮಿದುಳಿನ ಬುಡದಿಂದ ಹೊರಟು ಕುತ್ತಿಗೆ, ಎದೆ ದಾಟಿ ಹೊಟ್ಟೆಯವರೆಗೆ ಇಳಿಯುವ ಉದ್ದದ ನರ. ಇದರ ಎಳೆಗಳಲ್ಲಿ ಹೆಚ್ಚಿನವು ಸುದ್ದಿಯನ್ನು ದೇಹದಿಂದ ಮಿದುಳಿಗೆ ಒಯ್ಯುತ್ತವೆ. ಆದ್ದರಿಂದ ತಲೆಬುರುಡೆ ತೆರೆಯದೆ, ಕುತ್ತಿಗೆಯಿಂದಲೇ ಮಿದುಳನ್ನು ಮುಟ್ಟಬಹುದು. ಯಂತ್ರ ಸಾಮಾನ್ಯವಾಗಿ ಐದು ನಿಮಿಷಕ್ಕೊಮ್ಮೆ 30 ಸೆಕೆಂಡು ಸಣ್ಣ ವಿದ್ಯುತ್ ಮಿಡಿತ ಕೊಡುತ್ತದೆ, ಹಗಲೂ ರಾತ್ರಿಯೂ. ಫಿಟ್ಸ್ ಬಂದಾಗ ಅಯಸ್ಕಾಂತವನ್ನು ಯಂತ್ರದ ಮೇಲೆ ಒಮ್ಮೆ ಸವರಿದರೆ ಆಗಲೇ ಇನ್ನೊಂದು ಮಿಡಿತ ಕೊಡುತ್ತದೆ. ಎಡಗಡೆಯ ನರವನ್ನೇ ಹಿಡಿಯುವುದು ಯಾಕೆಂದರೆ, ಹೃದಯದ ಬಡಿತ ಶುರುವಾಗುವ ಜಾಗಕ್ಕೆ ಬಲಗಡೆಯ ನರದ ಸಂಪರ್ಕ ಜಾಸ್ತಿ.

ಮನುಷ್ಯರಿಗೆ ಇದನ್ನು ಮೊದಲು ಹಾಕಿದ್ದು 1988ರಲ್ಲಿ, ಅಮೆರಿಕದಲ್ಲಿ. ಅಲ್ಲಿನ ಸರಕಾರದ ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ. ಆಗ ಹನ್ನೆರಡು ವರ್ಷ ಮೇಲ್ಪಟ್ಟವರಿಗೆ ಮಾತ್ರ ಇತ್ತು. 2017ರಲ್ಲಿ ನಾಲ್ಕು ವರ್ಷದ ಮಕ್ಕಳಿಗೂ ಆಯಿತು. ಮಿದುಳಿನ ಒಳಗೇ ತಂತಿ ಇಳಿಸುವ ಬೇರೆ ಯಂತ್ರಗಳೂ ಇವೆ. ಅವುಗಳ ಮಾತು ಇನ್ನೊಮ್ಮೆ.

ಮೊಬೈಲಿನಲ್ಲಿ ವಿಡಿಯೋ ನೋಡಿ "ನಮ್ಮ ಮಗಳಿಗೂ ಇದನ್ನು ಹಾಕಿಸಬೇಕು" ಅಂತ ಬರುವವರು ಈಗ ಜಾಸ್ತಿ. ಅವರ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಅದಕ್ಕೂ ಮೊದಲು ಎರಡು ಪ್ರಶ್ನೆಗೆ ಉತ್ತರ ಸಿಗಬೇಕು.

ಮಾತ್ರೆ ಸರಿಯಾಗಿ ಆಗಿದೆಯೇ ಎನ್ನುವುದು ಮೊದಲನೆಯದು. ಗ್ಲಾಸ್ಗೋದ ವೈದ್ಯರು 2000ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಮಗೆಲ್ಲ ಬಾಯಿಪಾಠ. ಮೊದಲ ಮಾತ್ರೆಗೇ ಫಿಟ್ಸ್ ನಿಂತವರು ನೂರಕ್ಕೆ 47 ಮಂದಿ. ಎರಡನೆಯದಕ್ಕೆ ನಿಂತವರು ಮತ್ತೆ 13. ಆಮೇಲೆ ಏನು ಬದಲಿಸಿದರೂ ಸಿಕ್ಕಿದ್ದು ಮತ್ತೆ 4 ಮಂದಿ ಮಾತ್ರ. ಅಂದರೆ ಸರಿಯಾಗಿ ಆರಿಸಿದ ಎರಡು ಮಾತ್ರೆಗಳನ್ನು ಸರಿಯಾದ ಪ್ರಮಾಣದಲ್ಲಿ ತಪ್ಪದೆ ನುಂಗಿಯೂ ಫಿಟ್ಸ್ ನಿಲ್ಲದಿದ್ದರೆ, ಮಾತ್ರೆ ಬದಲಿಸುತ್ತಾ ಹತ್ತು ವರ್ಷ ಕಳೆಯಬಾರದು. ಬೇರೆ ದಾರಿ ಹುಡುಕಬೇಕು.

ಎರಡನೆಯ ಪ್ರಶ್ನೆ ಹೆಚ್ಚು ಮುಖ್ಯ, ಆದರೆ ಅದನ್ನು ಕೇಳುವವರೇ ಕಡಿಮೆ. ಫಿಟ್ಸ್ ಹುಟ್ಟುವ ಜಾಗವನ್ನೇ ಆಪರೇಷನ್ ಮಾಡಿ ತೆಗೆಯಲು ಆಗುತ್ತದೆಯೇ? ಕಿವಿಯ ಬಳಿ ತಲೆಯೊಳಗಿರುವ, ಟೆಂಪೊರಲ್ ಎಂಬ ಮಿದುಳಿನ ಭಾಗದಿಂದ ಬರುವ ಫಿಟ್ಸ್ ಬಗ್ಗೆ ಕೆನಡಾದಲ್ಲಿ ಮಾಡಿದ ಅಧ್ಯಯನ 2001ರಲ್ಲಿ ಬಂತು. ಒಂದು ವರ್ಷದ ಕೊನೆಗೆ, ಆಪರೇಷನ್ ಗುಂಪಿನಲ್ಲಿ ಎಚ್ಚರ ತಪ್ಪುವ ಫಿಟ್ಸ್ ಇಲ್ಲದವರು ನೂರಕ್ಕೆ 58. ಬರೀ ಮಾತ್ರೆಯ ಗುಂಪಿನಲ್ಲಿ 8. ತಿರುವನಂತಪುರದ ಶ್ರೀಚಿತ್ರಾದಲ್ಲಿ ಇಂಥ ಆಪರೇಷನ್ 1995ರಿಂದ ನಡೆಯುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಾಡುತ್ತಾರೆ. ಫಿಟ್ಸ್ ಪೂರ್ತಿ ಹೋಗುವ ಅವಕಾಶ ಇದ್ದವರಿಗೆ, ಅದನ್ನು ನೋಡದೆ ಯಂತ್ರ ಹಾಕಿದರೆ ದೊಡ್ಡ ಅನ್ಯಾಯ ಅಂತ ನಾನು ಖಂಡಿತವಾಗಿ ನಂಬಿದ್ದೇನೆ.

ಯಾಕೆಂದರೆ ಯಂತ್ರದಿಂದ ಫಿಟ್ಸ್ ಪೂರ್ತಿ ನಿಲ್ಲುವುದು ತೀರಾ ಕೆಲವರಿಗೆ. ಎರಡು ವರ್ಷ ಕಾದರೆ ಸುಮಾರು ಅರ್ಧದಷ್ಟು ಮಂದಿಗೆ ಫಿಟ್ಸ್ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ. ಮಾತ್ರೆ ಮುಂದುವರಿಯುತ್ತದೆ. ಇದನ್ನು ನಾನು ಮೊದಲ ದಿನವೇ ಹೇಳಿಬಿಡುತ್ತೇನೆ. ಪೆರ್ಲದ ಹುಡುಗನ ಫಿಟ್ಸ್ ಮಿದುಳಿನ ಎರಡೂ ಕಡೆಯಿಂದ, ಬೇರೆ ಬೇರೆ ಜಾಗದಿಂದ ಬರುತ್ತಿತ್ತು. ಕತ್ತರಿಸಿ ತೆಗೆಯಲು ಒಂದು ಜಾಗ ಅಂತ ಇರಲಿಲ್ಲ. ಅಂಥವರಿಗೆ ಈ ಯಂತ್ರ.

ಎಣ್ಮಕಜೆಯ ಕಡೆಯಿಂದ, ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಊರುಗಳಿಂದ ಬರುವ ಅಮ್ಮಂದಿರು ಇನ್ನೊಂದು ಪ್ರಶ್ನೆ ಕೇಳುತ್ತಾರೆ. "ಇದನ್ನು ಹಾಕಿದರೆ ಮಗು ಮಾತಾಡ್ತದಾ ಡಾಕ್ಟ್ರೇ?" ಇಲ್ಲಮ್ಮ, ಇದು ಫಿಟ್ಸ್‌ಗೆ ಮಾತ್ರ. ಬೀಳುವುದು ಕಡಿಮೆಯಾದರೆ ಮಗು ಸ್ವಲ್ಪ ಚುರುಕಾಗಬಹುದು. ಅದಕ್ಕಿಂತ ಹೆಚ್ಚಿನ ಮಾತು ಕೊಡಲು ನನಗೆ ಮನಸ್ಸು ಬರುವುದಿಲ್ಲ.

ಆಪರೇಷನ್ ದೊಡ್ಡದಲ್ಲ. ಪೂರ್ತಿ ಅರಿವಳಿಕೆ ಕೊಟ್ಟು ಕುತ್ತಿಗೆಯ ಮಡಿಕೆಯಲ್ಲಿ ಒಂದು, ಎದೆಯ ಮೇಲೆ ಒಂದು ಗಾಯ ಮಾಡುತ್ತಾರೆ. ಹೆಚ್ಚಿನವರು ಒಂದೆರಡು ದಿನದಲ್ಲಿ ಮನೆಗೆ ಹೋಗುತ್ತಾರೆ. ಗಾಯ ಕೀವಾಗುವುದು, ಧ್ವನಿಪೆಟ್ಟಿಗೆಯ ನರಕ್ಕೆ ಪೆಟ್ಟಾಗುವುದು ಅಪರೂಪಕ್ಕೆ ಇದೆ.

ನಿಜವಾದ ಕೆಲಸ ಆಮೇಲೆ. ಸುಮಾರು ಎರಡು ವಾರ ಬಿಟ್ಟು ಯಂತ್ರವನ್ನು ಚಾಲೂ ಮಾಡುತ್ತೇವೆ. ಕಾಲು ಮಿಲಿಆಂಪಿಯರ್‌ನಿಂದ ಶುರು. ಮತ್ತೆ ಕೆಲವು ವಾರಕ್ಕೊಮ್ಮೆ ಕಾಲು ಕಾಲು ಏರಿಸುತ್ತೇವೆ, ಚರ್ಮದ ಮೇಲಿಂದಲೇ, ನೋವಿಲ್ಲದೆ. ಏರಿಸಿದ ದಿನ ಗಂಟಲಲ್ಲಿ ಕಚಗುಳಿ, ಸ್ವಲ್ಪ ಕೆಮ್ಮು. ಮಿಡಿತದ ಆ 30 ಸೆಕೆಂಡು ಧ್ವನಿ ಒಡೆಯುತ್ತದೆ. ಧ್ವನಿಪೆಟ್ಟಿಗೆಗೆ ಹೋಗುವ ನರ ಇದೇ ವೇಗಸ್‌ನ ಕವಲು ನೋಡಿ.

ಕುಂಬಳೆ ಕಡೆಯ ಒಬ್ಬ ಅಕ್ಕ ಪ್ರತಿ ಶನಿವಾರ ಊರಿನ ಭಜನಾಮಂದಿರದಲ್ಲಿ ಹಾಡುವವರು. ಯಂತ್ರ ಹಾಕಿಸಿಕೊಂಡ ಮೇಲೆ ಫಿಟ್ಸ್ ಕಡಿಮೆಯಾಯಿತು, ಆದರೆ ಐದು ನಿಮಿಷಕ್ಕೊಮ್ಮೆ ಸ್ವರ ಬಿರಿಯುತ್ತಿತ್ತು. ಮೂರು ತಿಂಗಳು ಅವರು ಮಂದಿರಕ್ಕೇ ಹೋಗಲಿಲ್ಲ. ನಮಗೆ ಹೇಳಲೂ ಇಲ್ಲ. ಗೊತ್ತಾದ ಮೇಲೆ ಉಪಾಯ ಸುಲಭವಿತ್ತು. ಅಯಸ್ಕಾಂತವನ್ನು ಯಂತ್ರದ ಮೇಲೆ ಟೇಪಿನಿಂದ ಅಂಟಿಸಿಟ್ಟರೆ ಅಷ್ಟು ಹೊತ್ತು ಮಿಡಿತ ನಿಂತಿರುತ್ತದೆ. ತೆಗೆದರೆ ಮತ್ತೆ ಶುರು. ಈಗ ಹಾಡುವಾಗ ಮಾತ್ರ ಅಂಟಿಸಿಕೊಳ್ಳುತ್ತಾರೆ, ಮಂಗಳಾರತಿ ಆದ ಕೂಡಲೇ ತೆಗೆಯುತ್ತಾರೆ. ಇಂಥ ತೊಂದರೆ ಇದ್ದರೆ ದಯವಿಟ್ಟು ಬಾಯಿಬಿಟ್ಟು ಹೇಳಿ. ನಾವು ಫಿಟ್ಸ್ ಎಷ್ಟಾಯಿತು ಅಂತ ಕೇಳುತ್ತೇವೆ, ಹಾಡು ಏನಾಯಿತು ಅಂತ ಕೇಳಲು ಮರೆಯುತ್ತೇವೆ.

ಹೀಗೆ ಏರಿಸಲು, ಇಳಿಸಲು ತಿರುಗಿ ತಿರುಗಿ ಹೋಗಬೇಕು. ನಮ್ಮ ಜಿಲ್ಲೆಯವರು ಇದನ್ನು ಮೊದಲೇ ಲೆಕ್ಕ ಹಾಕಬೇಕು. ಮಂಗಳೂರು ಹತ್ತಿರ, ಆದರೆ ಬೇರೆ ರಾಜ್ಯ. ತಿರುವನಂತಪುರ ನಮ್ಮ ರಾಜ್ಯ, ಆದರೆ ರಾತ್ರಿಯಿಡೀ ರೈಲು. ಯಾವ ಆಸ್ಪತ್ರೆಯಲ್ಲಿ ನಿಮ್ಮ ಯಾವ ಕಾರ್ಡ್ ನಡೆಯುತ್ತದೆ, ಹಾಕಿದ ಮೇಲೆ ಯಂತ್ರವನ್ನು ಹೊಂದಿಸುವವರು ಯಾರು, ಬ್ಯಾಟರಿ ಮುಗಿದಾಗ ಖರ್ಚು ಯಾರದ್ದು ಅಂತ ಆಪರೇಷನ್‌ಗೆ ಮೊದಲೇ ಕೇಳಿ. ಯಂತ್ರಕ್ಕೆ ಹಲವು ಲಕ್ಷ ಆಗುತ್ತದೆ, ಬ್ಯಾಟರಿ ಕೆಲವು ವರ್ಷಕ್ಕೆ ಮುಗಿಯುತ್ತದೆ. 2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ನಮ್ಮ ರೋಗಿಗಳು ಪಟ್ಟ ಪಾಡು ನನಗೆ ಮರೆತಿಲ್ಲ. ಈಗ ಯಾರಿಗೇ ಆಗಲಿ, ಎರಡು ಊರಿನ ವೈದ್ಯರ ನಂಬರ್ ಬರೆದು ಕೊಡುತ್ತೇನೆ.

ಸೊಂಟನೋವಿಗೆ ಫಿಸಿಯೋಥೆರಪಿಗೆ ಹೋದಾಗ ಡಯಾಥರ್ಮಿ ಎಂಬ ಬಿಸಿ ಕೊಡುವ ಚಿಕಿತ್ಸೆ ಇದೆಯಲ್ಲ, ಯಂತ್ರ ಇದ್ದವರಿಗೆ ಅದು ಬೇಡವೇ ಬೇಡ. ಸೊಂಟಕ್ಕೆ ಕೊಟ್ಟರೂ ತಂತಿ ಕಾದು ನರ ಸುಡಬಹುದು. ಎಂಆರ್‌ಐ ತೆಗೆಯುವ ಮೊದಲೂ ಯಂತ್ರದ ಕಾರ್ಡ್ ತೋರಿಸಿ. ಫಿಟ್ಸ್ ಕಡಿಮೆಯಾಯಿತು ಅಂತ ಅಡಿಕೆ ಮರ ಹತ್ತುವುದು, ಕೆರೆಯಲ್ಲಿ ಒಬ್ಬರೇ ಈಜುವುದು, ನೀರಿನ ಸುರಂಗದೊಳಗೆ ಒಬ್ಬರೇ ಹೋಗುವುದು ಬೇಡ.

ಮತ್ತೆ ಅಜ್ಜಿಯ ಹತ್ತಿರ ಬರುತ್ತೇನೆ. ಯಂತ್ರದ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಆಸ್ಪತ್ರೆಯಲ್ಲಿ ಹೇಳಿಕೊಟ್ಟದ್ದು ಮಲಯಾಳದಲ್ಲಿ. ಅಜ್ಜಿ ಓದುವುದು ಕನ್ನಡ. ಹಾಗಾಗಿ ದೊಡ್ಡ ಅಕ್ಷರದಲ್ಲಿ ಒಂದು ಹಾಳೆ ಬರೆದು ಕೊಟ್ಟೆ. ಗಡಿಯಾರ ನೋಡಿ. ಮಗ್ಗುಲಾಗಿ ಮಲಗಿಸಿ. ಬಾಯಿಗೂ ಕೈಗೂ ಏನೂ ಕೊಡಬೇಡಿ. ಅಯಸ್ಕಾಂತವನ್ನು ಎದೆಯ ಯಂತ್ರದ ಮೇಲೆ ಒಮ್ಮೆ ಸವರಿ ತೆಗೆಯಿರಿ. ಐದು ನಿಮಿಷಕ್ಕೂ ನಿಲ್ಲದಿದ್ದರೆ ಆಸ್ಪತ್ರೆಗೆ. ಅದರ ಇನ್ನೊಂದು ಪ್ರತಿ ಹುಡುಗನ ಶಾಲೆಯ ಟೀಚರಿಗೆ, ಎರಡನೆಯ ಅಯಸ್ಕಾಂತದ ಜೊತೆ.

ಅಜ್ಜಿ ಅಲ್ಲೇ ಮಾಡಿ ತೋರಿಸಿದರು. ಮೊದಲ ಸಲ ಅಯಸ್ಕಾಂತ ಭುಜದ ಹತ್ತಿರ ಹೋಯಿತು. ಎರಡನೆಯ ಸಲ ಯಂತ್ರದ ಮೇಲೆಯೇ ಇಟ್ಟು ಒತ್ತಿ ಹಿಡಿದರು. ಹಾಗೆ ಹಿಡಿದರೆ ಮಿಡಿತ ಬರುವುದೇ ಇಲ್ಲ ಅಂದೆ. ಮೂರನೆಯ ಸಲ, ನೆಲ ಒರೆಸುವ ಹಾಗೆ ಒಂದೇ ಬೀಸು, ತೆಗೆದರು. "ಏನಾದ್ರೂ ಆಯ್ತಾ ಮಗಾ?" ಅಂತ ಕೇಳಿದರು.

"ಆಯ್ತು ಅಜ್ಜಿ" ಅಂದ ಹುಡುಗನ ಧ್ವನಿ ಒಡೆದಿತ್ತು.