ಸೋಯಾ ಹೊಲದ ಮಣ್ಣಲ್ಲಿ ರೈಜೋಬಿಯಂ ಎಷ್ಟಿದೆ? ಎಣಿಸುವುದು ಹೇಗೆ?

ಪ್ರಶ್ನೆ: ಸೋಯಾಬೀನ್ ಬೀಜಕ್ಕೆ ಬೆಲ್ಲದ ನೀರಲ್ಲಿ ರೈಜೋಬಿಯಂ ಕಲಸಿ ಬಿತ್ತುತ್ತೇವೆ. ಅದು ನಮ್ಮ ಮಣ್ಣಲ್ಲಿ ಮೊದಲೇ ಇದೆಯಾ, ಎಷ್ಟಿದೆ ಅಂತ ತಿಳಿಯಬಹುದಾ?

ರೈಜೋಬಿಯಂ ಅಂದರೆ ಬೇರಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ. ಅದು ಎಷ್ಟಿದೆ ಅಂತ ತಿಳಿಯಬಹುದು. ಆದರೆ ಮೈಕ್ರೋಸ್ಕೋಪ್‌ನಲ್ಲಿ ನೋಡಿ ಎಣಿಸಲು ಆಗುವುದಿಲ್ಲ. ಒಂದು ಗ್ರಾಂ ಮಣ್ಣಲ್ಲೇ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಹೆಚ್ಚಿನವು ನೋಡಲು ಒಂದೇ ಥರ, ಸಣ್ಣ ಕಡ್ಡಿ ಇಲ್ಲವೇ ಗುಂಡು. ಸೋಯಾಗೆ ಬೇಕಾದ್ದು ಯಾವುದು ಅಂತ ಆಕಾರ ನೋಡಿ ಹೇಳುವುದು ಹೇಗೆ?

ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಜೆಲ್ಲಿಯ ತಟ್ಟೆಯಲ್ಲಿ ಬೆಳೆಸಬಹುದಲ್ವಾ ಅಂತ ನೀವು ಕೇಳಬಹುದು. ಕಾಂಗೋ ರೆಡ್ ಬಣ್ಣ ಬೆರೆಸಿದ ಅಗರ್‌ನಲ್ಲಿ ಬೇರೆ ಎಷ್ಟೋ ಬ್ಯಾಕ್ಟೀರಿಯಾಗಳು ಕೆಂಪಾಗುತ್ತವೆ, ರೈಜೋಬಿಯಂ ಬೆಳ್ಳಗೆ ಅಂಟಂಟಾಗಿ ಉಳಿಯುತ್ತದೆ. ಆದರೆ ಬಣ್ಣ ಹೀರದ ಬೇರೆ ಕೆಲವು ಬ್ಯಾಕ್ಟೀರಿಯಾಗಳೂ ಅಲ್ಲಿ ಹಾಗೇ ಕಾಣಬಹುದು. ಜೊತೆಗೆ ಸೋಯಾದಲ್ಲಿ ಗಂಟು ಕಟ್ಟುವ, ರೈಜೋಬಿಯಂ ಬಳಗದ ಬ್ರಾಡಿರೈಜೋಬಿಯಂ ಬೆಳೆಯುವುದು ಬಲು ನಿಧಾನ. ಅದು ಕಣ್ಣಿಗೆ ಬೀಳಲು ಸುಮಾರು ಒಂದು ವಾರ ಬೇಕು. ಅಷ್ಟರಲ್ಲಿ ಉಳಿದವು ತಟ್ಟೆ ತುಂಬಿಕೊಂಡಿರುತ್ತವೆ.

ಹಾಗಾಗಿ ಗಿಡದ ಕೈಯಲ್ಲೇ ಎಣಿಸುತ್ತಾರೆ. ನನಗೆ ಬಹಳ ಇಷ್ಟವಾದ ವಿಧಾನ ಇದು. 10 ಗ್ರಾಂ ಮಣ್ಣನ್ನು ನೀರಲ್ಲಿ ಕದಡಿ ಒಟ್ಟು 100 ಮಿ.ಲೀ. ಮಾಡುತ್ತಾರೆ. ಅದರ 1 ಮಿ.ಲೀ.ಯನ್ನು 9 ಮಿ.ಲೀ. ಶುದ್ಧ ನೀರಿಗೆ ಹಾಕಿದರೆ ಮತ್ತೆ ಹತ್ತು ಪಟ್ಟು ತೆಳು. ಮಜ್ಜಿಗೆಗೆ ನೀರು ಸುರಿಯುತ್ತಾ ಹೋದ ಹಾಗೆ, ಹೀಗೆ ಆರೇಳು ಹಂತ. ಬ್ಯಾಕ್ಟೀರಿಯಾ ಸೋಂಕಿಲ್ಲದ ಮರಳಲ್ಲಿ ಬೆಳೆಸಿದ ಸೋಯಾ ಸಸಿಗಳಿಗೆ, ಹಂತಕ್ಕೆ ನಾಲ್ಕರಂತೆ, ಈ ನೀರನ್ನು 1 ಮಿ.ಲೀ. ಬಿಡುತ್ತಾರೆ. ಕೆಲವು ಸಸಿಗಳಿಗೆ ಏನೂ ಹಾಕುವುದಿಲ್ಲ. ಅವುಗಳಲ್ಲೂ ಗಂಟು ಬಂದರೆ ಪ್ರಯೋಗ ಕೆಟ್ಟಿತು ಅಂತ ಅರ್ಥ.

ಮೂರ್ನಾಲ್ಕು ವಾರ ಬಿಟ್ಟು ಬೇರು ತೊಳೆದು ನೋಡುತ್ತಾರೆ. ಗಂಟು ಇದೆಯಾ, ಇಲ್ವಾ, ಅಷ್ಟೇ. ಎಷ್ಟು ಗಂಟು ಅನ್ನುವುದು ಮುಖ್ಯವಲ್ಲ. ಹತ್ತು ಸಾವಿರ ಪಟ್ಟು ತೆಳು ಮಾಡಿದ ನೀರು ಕುಡಿದ ನಾಲ್ಕೂ ಸಸಿಗಳಲ್ಲಿ ಗಂಟಿದ್ದು, ಲಕ್ಷ ಪಟ್ಟಿನದರಲ್ಲಿ ಒಂದರಲ್ಲೂ ಇಲ್ಲದಿದ್ದರೆ, ಒಂದು ಗ್ರಾಂ ಮಣ್ಣಲ್ಲಿ ಹತ್ತು ಸಾವಿರದಿಂದ ಲಕ್ಷದೊಳಗೆ ಇವೆ. ಇನ್ನೂ ಸರಿಯಾದ ಅಂದಾಜು ಬೇಕಾದರೆ ಅದಕ್ಕೆಂದೇ ಲೆಕ್ಕದ ಕೋಷ್ಟಕಗಳಿವೆ.

ಪಿಸಿಆರ್ ಅನ್ನುವ, ಡಿಎನ್‌ಎಯ ನಕಲುಗಳನ್ನು ಹೆಚ್ಚಿಸುವ ಲ್ಯಾಬ್ ವಿಧಾನದಿಂದ ಡಿಎನ್‌ಎ ಎಣಿಸಿದರೆ ಕೆಲಸ ಬೇಗ ಆಗುತ್ತದೆ. ಆದರೆ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯೂ ಲೆಕ್ಕಕ್ಕೆ ಸೇರುತ್ತದೆ. ಸತ್ತದ್ದು ಗಂಟು ಕಟ್ಟುವುದಿಲ್ಲ.

ಈ ಸಂಖ್ಯೆ ಯಾಕೆ ಬೇಕು? ಹವಾಯಿ ದ್ವೀಪಗಳಲ್ಲಿ ಹಲವು ದ್ವಿದಳ ಬೆಳೆಗಳ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಗ್ರಾಂಗೆ 10ಕ್ಕಿಂತ ಕಡಿಮೆ ರೈಜೋಬಿಯಂ ಇದ್ದ ಕಡೆ ಬೀಜೋಪಚಾರದಿಂದ ಹೆಚ್ಚಾಗಿ ಇಳುವರಿ ಏರಿತು. ಅದಕ್ಕಿಂತ ಜಾಸ್ತಿ ಇದ್ದ ಕಡೆ ಲಾಭ ಕಂಡದ್ದು ಅಪರೂಪ.

ಲ್ಯಾಬ್ ಹತ್ತಿರ ಇಲ್ಲವಾ? ಮುಂದಿನ ಹಂಗಾಮಿಗೆ ಒಂದು ಸಾಲಿಗೆ ರೈಜೋಬಿಯಂ ಹಚ್ಚದ ಬೀಜವನ್ನು ಮೊದಲು ಬಿತ್ತಿ. ಹೂ ಬಿಡುವ ಹೊತ್ತಿಗೆ ಆ ಸಾಲಿನ ಐದಾರು ಗಿಡ ತೆಗೆದು ನೋಡಿ. ಕಿತ್ತರೆ ಗಂಟು ಮಣ್ಣಲ್ಲೇ ಉದುರುತ್ತದೆ, ಸುತ್ತ ಅಗೆದು ಎತ್ತಿ, ಬಕೆಟ್ ನೀರಲ್ಲಿ ನೆನೆಸಿ. ಬೆರಳಲ್ಲಿ ಉಜ್ಜಿದರೆ ಕಳಚಿಕೊಳ್ಳುವುದು ರೈಜೋಬಿಯಂ ಗಂಟು. ಬೇರು ತಾನೇ ಊದಿಕೊಂಡು ಕಳಚದೆ ಇದ್ದರೆ ಅದು ಬೇರಿಗೆ ಹೊಕ್ಕುವ ಜಂತುಹುಳದ (ನೆಮಟೋಡ್) ಕಾಟ. ಗಂಟನ್ನು ಉಗುರಲ್ಲಿ ಸೀಳಿ. ಒಳಗೆ ಬೀಟ್‌ರೂಟ್ ಥರ ಕೆಂಪಿದ್ದರೆ, ನಿಮ್ಮ ಮಣ್ಣಲ್ಲಿ ಮೊದಲೇ ಇದ್ದ ಬ್ಯಾಕ್ಟೀರಿಯಾ ಸಾರಜನಕ ಹಿಡಿಯುತ್ತಿದೆ.