ಜನತಾ ಜೀವವೈವಿಧ್ಯ ದಾಖಲಾತಿ: ಊರಿನ ಮರ, ಮೀನು, ಹಕ್ಕಿಗಳ ಲೆಕ್ಕ

ನಿಮ್ಮ ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಒಂದು ಪುಸ್ತಕ ಇರಬೇಕು. ಕಂದಾಯದ್ದಲ್ಲ, ನೀರಿನ ಬಿಲ್ಲಿನದ್ದೂ ಅಲ್ಲ. ಊರಿನ ಸುತ್ತ ಯಾವ ಮರಗಳಿವೆ, ಕೆರೆಯಲ್ಲಿ ಯಾವ ಮೀನು ಸಿಗುತ್ತದೆ, ಯಾವ ತಳಿಯ ಭತ್ತ ಬೆಳೆಯುತ್ತಾರೆ, ಯಾವ ಬೇರನ್ನು ಯಾವ ಕಾಯಿಲೆಗೆ ಕೊಡುತ್ತಾರೆ ಅಂತ ಊರಿನವರನ್ನೇ ಕೇಳಿ ಬರೆದಿಟ್ಟ ಪುಸ್ತಕ. ಇದಕ್ಕೆ ಜನತಾ ಜೀವವೈವಿಧ್ಯ ದಾಖಲಾತಿ ಅಂತ ಹೆಸರು. ಕಚೇರಿಯಲ್ಲಿ ಪಿಬಿಆರ್ (ಪೀಪಲ್ಸ್ ಬಯೋಡೈವರ್ಸಿಟಿ ರಿಜಿಸ್ಟರ್) ಅಂದರೆ ಬೇಗ ಗೊತ್ತಾಗುತ್ತದೆ.

ಪಹಣಿ ಎಲ್ಲರಿಗೂ ಗೊತ್ತಲ್ವಾ? ಜಮೀನು ಯಾರದು, ಎಷ್ಟು ಗುಂಟೆ, ಏನು ಬೆಳೆ ಎಂದು ಅದರಲ್ಲಿರುತ್ತದೆ. ಅದೇ ಜಮೀನಿನ ಬೇಲಿಯಲ್ಲಿ ರಾತ್ರಿ ಓಡಾಡುವ ಕಾಡುಪಾಪ, ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಹತ್ತುವ ಮೀನು ಪಹಣಿಯಲ್ಲಿ ಕಾಣುವುದಿಲ್ಲ. ಅವಕ್ಕೆ ಜಾಗ ಇರುವುದು ಈ ದಾಖಲಾತಿಯಲ್ಲಿ.

ಇದಕ್ಕೆ ಕಾನೂನಿನ ಬಲ ಬಂದದ್ದು 2002ರ ಜೀವವೈವಿಧ್ಯ ಕಾಯ್ದೆಯಿಂದ. ಪ್ರತಿ ಸ್ಥಳೀಯ ಸಂಸ್ಥೆಯೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಮಾಡಿಕೊಳ್ಳಬೇಕು ಎಂದು ಕಾಯ್ದೆ ಹೇಳುತ್ತದೆ. ಜನರನ್ನು ಕೇಳಿ ಈ ದಾಖಲಾತಿ ತಯಾರಿಸುವುದೇ ಸಮಿತಿಯ ಮುಖ್ಯ ಕೆಲಸ ಎಂದು 2004ರ ನಿಯಮಗಳು ಸ್ಪಷ್ಟ ಮಾಡಿದವು. ಆದರೆ ಆಲೋಚನೆ ಅದಕ್ಕಿಂತ ಹಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಅವರ ಜೊತೆಗಾರರು 1990ರ ದಶಕದಲ್ಲೇ ಹಳ್ಳಿಗಳಲ್ಲಿ ಇದನ್ನು ಮಾಡಿ ನೋಡಿದ್ದರು.

ಅದೇ ದಶಕದಲ್ಲಿ ಅರಿಶಿನದ ಗಲಾಟೆಯೂ ಆಯಿತು. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು! ಇದು ನಮಗೆ ಮೊದಲಿನಿಂದ ಗೊತ್ತಿದ್ದದ್ದು ಎಂದು ಭಾರತ ಹಳೆಯ ಬರಹಗಳನ್ನು ಮುಂದಿಟ್ಟು ವಾದಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಅಲ್ಲಿ ಕೆಲಸಕ್ಕೆ ಬಂದದ್ದು ಬರಹ. ಬಾಯಲ್ಲಿ ಮಾತ್ರ ಉಳಿದ ತಿಳಿವಳಿಕೆಗೆ ಅಂಥ ಕಡೆ ಬೆಲೆ ಸಿಗುವುದು ಕಷ್ಟ.

ಒಳಗೆ ಏನು ಬರೆಯುತ್ತಾರೆ? ಮಲೆನಾಡಿನ ಅಪ್ಪೆಮಿಡಿಯನ್ನೇ ನೋಡಿ. ಸಾಗರ, ಸಿದ್ದಾಪುರ, ಶಿರಸಿ ಕಡೆ ಹೊಳೆ ಬದಿಯಲ್ಲಿ ತಾನಾಗಿ ಬೆಳೆಯುವ ಮಾವು ಇದು. ‘ಮಾವಿನ ಮರ’ ಎಂದು ಬರೆದು ಮುಗಿಸಿದರೆ ಏನೂ ಬರೆದಂತಾಗಲಿಲ್ಲ. ಅಲ್ಲಿಯವರಿಗೆ ಒಂದೊಂದು ಮರವೂ ಬೇರೆ. ಮಾಳಂಜಿ ಅಪ್ಪೆ, ಅನಂತಭಟ್ಟನ ಅಪ್ಪೆ ಎಂದು ಹೆಸರು ಹಿಡಿದೇ ಹೇಳುತ್ತಾರೆ. ಸೊನೆ ಮೂಸಿ ಇದು ಜೀರಿಗೆ ವಾಸನೆಯದ್ದು, ಇದು ಕರ್ಪೂರದ್ದು ಎಂದು ಗುರುತಿಸುತ್ತಾರೆ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಉಪ್ಪಿನಕಾಯಿಗೆ ಆಗದು ಎಂಬುದು ಮನೆಯ ಹೆಂಗಸರಿಗೆ ಚೆನ್ನಾಗಿ ಗೊತ್ತು. ಮಿಡಿಯ ಆಸೆಗೆ ಕೊಂಬೆಯನ್ನೇ ಕಡಿದು ಹಾಕಿದ ಮರ ಯಾವುದು ಎಂಬುದೂ ಊರಿಗೆ ಗೊತ್ತಿರುತ್ತದೆ. ಮರದ ಹೆಸರು, ನಿಂತ ಜಾಗ, ಹೂ ಬಿಡುವ ಕಾಲ, ಬಳಸುವ ರೀತಿ, ಮೊದಲು ಎಷ್ಟಿತ್ತು, ಈಗ ಎಷ್ಟಿದೆ, ಇದನ್ನೆಲ್ಲ ಹೇಳಿದವರು ಯಾರು: ಇಷ್ಟೂ ದಾಖಲಾಗಬೇಕು.

ನನ್ನ ಮಟ್ಟಿಗೆ ‘ಮೊದಲು ಮತ್ತು ಈಗ’ ಎಂಬ ಭಾಗವೇ ಪುಸ್ತಕದ ಜೀವ. ಹೊರಗಿನಿಂದ ಬಂದ ತಜ್ಞರು ಇವತ್ತು ಏನಿದೆ ಎಂದು ಚೆನ್ನಾಗಿ ಬರೆಯಬಲ್ಲರು. ಏನು ಕಡಿಮೆಯಾಯಿತು, ಯಾವಾಗಿನಿಂದ ಎಂದು ಹೇಳಲು ಅಲ್ಲೇ ಬಾಳಿದವರು ಬೇಕು.

ಬೇಸರದ ಸಂಗತಿ ಎಂದರೆ, ಬಹಳ ಕಡೆ ಕೆಲಸ ಹೀಗೆ ನಡೆಯಲಿಲ್ಲ. ವರ್ಷಗಟ್ಟಲೆ ಎಷ್ಟೋ ರಾಜ್ಯಗಳು ಇದನ್ನು ಮರೆತೇ ಬಿಟ್ಟಿದ್ದವು. 2020ರ ಜನವರಿ 31ರೊಳಗೆ ಮುಗಿಸಿ, ಇಲ್ಲದಿದ್ದರೆ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ಕೊಟ್ಟ ಮೇಲೆ ಓಡಾಟ ಶುರುವಾಯಿತು. ಈಗ ದೇಶದಲ್ಲಿ ಎರಡೂವರೆ ಲಕ್ಷಕ್ಕೂ ಜಾಸ್ತಿ ದಾಖಲಾತಿಗಳಿವೆ. ಅವಸರದಲ್ಲಿ ಯಾರಿಗೋ ಗುತ್ತಿಗೆ ಕೊಟ್ಟು, ಪಕ್ಕದೂರಿನ ಪಟ್ಟಿಯನ್ನೇ ಸುಮ್ನೆ ಇಳಿಸಿಕೊಂಡವೂ ಅದರಲ್ಲಿವೆ. ಹಾಗೆ ಮಾಡಿದ್ದು ಇಲ್ಲದ್ದಕ್ಕಿಂತ ಕೆಟ್ಟದ್ದು ಎಂದೇ ನನಗನಿಸುತ್ತದೆ. ತಪ್ಪು ಪಟ್ಟಿಯಲ್ಲಿ ಹೆಸರೇ ಇಲ್ಲದ ಮರವನ್ನು ನಾಳೆ ಯಾರು ಕೇಳುತ್ತಾರೆ?

ಊರಿನವರೇ ಮುಂದೆ ನಿಂತರೆ ಏನಾಗುತ್ತದೆ ಎಂದು ನೋಡಲು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಬೇಕು. ಅಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು) ಮನೆಗಳ ಪಕ್ಕದ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಅವನ್ನು ಕಾಣುತ್ತಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಊರಿನ ಹುಡುಗರ ಹೆಜ್ಜಾರ್ಲೆ ಬಳಗ ಮೀನು ಕೊಟ್ಟು ಸಾಕುತ್ತದೆ. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಇದಕ್ಕೆ ಪಿಬಿಆರ್ ಕಾರಣ ಎಂದು ಹೇಳುತ್ತಿಲ್ಲ. ಪಿಬಿಆರ್‌ಗೆ ಬೇಕಾದ ಜನ ಎಂಥವರು ಎನ್ನುವುದಕ್ಕೆ ಹೇಳಿದೆ.

ಸಮಿತಿಗೆ ಅಧಿಕಾರವೂ ಇದೆ. ಅದರ ವ್ಯಾಪ್ತಿಯಿಂದ ವ್ಯಾಪಾರಕ್ಕೆಂದು ಗಿಡಮೂಲಿಕೆ ಮುಂತಾದವನ್ನು ಒಯ್ಯುವವರಿಗೆ ಅದು ಶುಲ್ಕ ಹಾಕಬಹುದು. ಇದೇ ಕಾಯ್ದೆಯಡಿ ದೇವನಹಳ್ಳಿ ಹತ್ತಿರದ ನಲ್ಲೂರಿನ ಸುಮಾರು 54 ಎಕರೆ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು.

ಇನ್ನೊಂದು ಮಾತು. ನಾಟಿ ವೈದ್ಯರು ಔಷಧದ ಗುಟ್ಟು ಹೇಳಲು ಹಿಂಜರಿಯುತ್ತಾರೆ. ಅವರ ಅಂಜಿಕೆ ಸುಳ್ಳಲ್ಲ. ಬರೆದದ್ದು ಯಾರ ಕೈಗೆ ಹೋಗುತ್ತದೋ ಯಾರಿಗೆ ಗೊತ್ತು? ಅವರು ಬೇಡ ಎಂದರೆ ಗಿಡದ ಹೆಸರಷ್ಟೇ ಬರೆದುಕೊಂಡು ಮದ್ದಿನ ವಿವರ ಬಿಡಬೇಕು. ಒತ್ತಾಯ ಮಾಡಿ ಪಡೆದ ಮಾಹಿತಿ ಬೇಡ.

ಈ ಪುಸ್ತಕ ಒಮ್ಮೆ ಬರೆದು ಬೀರುವಿನಲ್ಲಿಟ್ಟು ಬೀಗ ಹಾಕುವಂಥದ್ದಲ್ಲ. ಆಗಾಗ ತಿದ್ದಬೇಕು, ಸೇರಿಸಬೇಕು. ಪಂಚಾಯಿತಿಗೆ ಹೋದಾಗ ಪಿಡಿಒ ಹತ್ತಿರ ನಿಮ್ಮೂರಿನ ಪಿಬಿಆರ್ ತೋರಿಸಿ ಎಂದು ಕೇಳಿ. ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಬಿಟ್ಟುಹೋದ ಹೆಸರುಗಳನ್ನು ಬರೆದು, ಸೇರಿಸಿಕೊಳ್ಳಿ ಎಂದು ಸಮಿತಿಗೆ ಕೊಡಿ.