ಮೊದಲ ಫೈಟಿಂಗ್ ರೋಬೋಟ್‌ಗೆ 300 ಆರ್‌ಪಿಎಂ ಮೋಟಾರೋ, 1000 ಆರ್‌ಪಿಎಂ ಮೋಟಾರೋ?

ಪ್ರಶ್ನೆ: ನಾವು ನಾಲ್ಕು ಮಂದಿ ಕಲಬುರಗಿಯ ಡಿಪ್ಲೊಮಾ ವಿದ್ಯಾರ್ಥಿಗಳು. 8 ಕೆಜಿ ವಿಭಾಗಕ್ಕೆ ಮೊದಲ ರೋಬೋಟ್ ಕಟ್ಟಬೇಕಂತ ಮಾಡೀವಿ. 12 ವೋಲ್ಟಿನ ಜಾನ್ಸನ್ ಗೇರ್ ಮೋಟಾರ್ 300, 600, 1000 ಆರ್‌ಪಿಎಂ ಸಿಗತಾವ, ರೇಟೂ ಹೆಚ್ಚುಕಡಿಮೆ ಒಂದೇ. ಸ್ಪೀಡ್ ಬೇಕಂದ್ರ 1000ದ್ದೇ ತಗೋಬೇಕೇನ್ರಿ?

ಉತ್ತರ: ಬೇಡ್ರಿ. ರೇಟು ಒಂದೇ ಇರಲು ಕಾರಣವಿದೆ. ಸಾಮಾನ್ಯವಾಗಿ ಮೂರರ ಹಿಂದಿರುವ ಮೋಟಾರ್ ಒಂದೇ ಬಗೆಯದು, ಬದಲಾಗುವುದು ಗೇರ್‌ಬಾಕ್ಸ್ ಮಾತ್ರ. ವೇಗ ಮೂರು ಪಟ್ಟು ಏರಿದರೆ ಟಾರ್ಕ್ (ತಿರುಗಿಸುವ ಬಲ) ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ.

ಎದುರಾಳಿಯನ್ನು ಗೋಡೆಗೆ ಒತ್ತಿ ತಳ್ಳುವಾಗ ನಿಮ್ಮ ಚಕ್ರ ಜಾರಬೇಕು, ಮೋಟಾರ್ ನಿಲ್ಲಬಾರದು. ನಿಂತ ಮೋಟಾರ್ ಅತಿ ಹೆಚ್ಚು ಕರೆಂಟ್ ಎಳೆಯುತ್ತದೆ, ಅದಷ್ಟೂ ಶಾಖವಾಗಿ ವೈಂಡಿಂಗ್ ಸುಡುತ್ತದೆ. ಆದ್ದರಿಂದ ಲೆಕ್ಕ ಚಕ್ರದಿಂದ ಶುರುವಾಗಲಿ. ಮೆತ್ತನೆ ರಬ್ಬರ್ ಚಕ್ರದ ಹಿಡಿತ (ಘರ್ಷಣಾಂಕ) 0.8 ಎಂದುಕೊಂಡರೆ 8 ಕೆಜಿ ರೋಬೋಟ್ ಒಟ್ಟು 6.4 ಕೆಜಿ ಬಲದಷ್ಟು ತಳ್ಳಬಲ್ಲದು. ನಾಲ್ಕು ಚಕ್ರಕ್ಕೆ ಹಂಚಿದರೆ ತಲಾ 1.6 ಕೆಜಿ. ಚಕ್ರದ ವ್ಯಾಸ 10 ಸೆಂ.ಮೀ. ಇದ್ದರೆ ತ್ರಿಜ್ಯ 5, ಅಂದರೆ ಚಕ್ರ ಜಾರಲು 8 ಕೆಜಿ-ಸೆಂ.ಮೀ. ಟಾರ್ಕ್ ಬೇಕು. ಮೋಟಾರಿನ ಸ್ಟಾಲ್ ಟಾರ್ಕ್, ಅಂದರೆ ಅದು ನಿಂತುಬಿಡುವ ಹಂತದ ಟಾರ್ಕ್, ಅದರ ಎರಡರಷ್ಟಿದ್ದರೆ ನಿಶ್ಚಿಂತೆ.

ಅಂಗಡಿಯವರು ಬರೆದ ಟಾರ್ಕ್ ನಂಬಬೇಡಿ. ಕೆಲವರು ಸ್ಟಾಲ್ ಅಂಕಿ ಕೊಡುತ್ತಾರೆ, ಕೆಲವರು ಲೋಡಿನದು. ಒಂದು ಮೋಟಾರ್ ತಂದು ನೀವೇ ಅಳೆಯಿರಿ. ಶಾಫ್ಟಿಗೆ 10 ಸೆಂ.ಮೀ. ಪಟ್ಟಿ ಬಿಗಿದು, ಅದರ ತುದಿ ಅಡುಗೆಮನೆಯ ತೂಕದ ಯಂತ್ರದ ಮೇಲೆ ಒತ್ತುವಂತೆ ಮೋಟಾರನ್ನು ಕ್ಲ್ಯಾಂಪ್ ಮಾಡಿ. ಒಂದೇ 18650 ಲಿಥಿಯಂ ಸೆಲ್‌ನಿಂದ, ಮಲ್ಟಿಮೀಟರಿನ 10 ಆಂಪಿಯರ್ ಸಾಕೆಟ್ ಮೂಲಕ, ಎರಡೇ ಸೆಕೆಂಡ್ ಕರೆಂಟ್ ಕೊಡಿ. ಉದಾಹರಣೆಗೆ 300 ಆರ್‌ಪಿಎಂ ಮೋಟಾರ್ 3.6 ವೋಲ್ಟಿಗೆ 2.4 ಆಂಪಿಯರ್ ಎಳೆದು ತೂಕ 600 ಗ್ರಾಂ ತೋರಿಸಿತು ಅನ್ನಿ. 12 ವೋಲ್ಟಿಗೆ ಏರಿಸಿದರೆ 8 ಆಂಪಿಯರ್, 20 ಕೆಜಿ-ಸೆಂ.ಮೀ. ಇದೇ ಮೋಟಾರ್ 1000 ಆರ್‌ಪಿಎಂ ಗೇರಿನಲ್ಲಿ ಬರೀ 6 ಕೊಡುತ್ತದೆ. ಬೇಕಿದ್ದದ್ದು 8. ಚಕ್ರ ಜಾರುವ ಮೊದಲೇ ಮೋಟಾರ್ ನಿಂತಿತು!

ಹಾಗಂತ 300ಕ್ಕೇ ಅಂಟಿಕೊಳ್ಳಬೇಕಿಲ್ಲ. 10 ಸೆಂ.ಮೀ. ಚಕ್ರದಲ್ಲಿ ಅದು ಸೆಕೆಂಡಿಗೆ ಒಂದೂವರೆ ಮೀಟರ್ ಓಡುತ್ತದೆ, ಅಖಾಡದಲ್ಲಿ ಅದು ನಿಧಾನವೇ. ನಮ್ಮ ಆಯ್ಕೆ 600 ಆರ್‌ಪಿಎಂ, 7 ಸೆಂ.ಮೀ. ಚಕ್ರ. ವೇಗ 2.2 ಮೀಟರ್, ಜಾರಲು ಬೇಕಾದದ್ದು 5.6, ಸಿಗುವುದು 10. ಎರಡು ಪಟ್ಟಿಗೆ ಸ್ವಲ್ಪ ಕಡಿಮೆ, ಆದರೂ ನಡೆಯುತ್ತದೆ. ಗುಜರಿಯ ವೈಪರ್ ಮೋಟಾರ್ ಬಲಶಾಲಿ ನಿಜ, ಆದರೆ 50 ಆರ್‌ಪಿಎಂ ಆಸುಪಾಸಿನದು. ಭಾರ ಬೇರೆ.

ಹಣ ಉಳಿಸಲು ಹೋಗಿ ಹೆಚ್ಚಿನವರು ಕೈ ಸುಟ್ಟುಕೊಳ್ಳುವುದು ಮೋಟಾರಿನ ಕರೆಂಟ್ ನಿಯಂತ್ರಿಸುವ ಡ್ರೈವರ್ ಬೋರ್ಡಿನಲ್ಲಿ. ಎಲ್298ಎನ್ ಬೋರ್ಡ್ ಚಾನೆಲ್‌ಗೆ 2 ಆಂಪಿಯರ್‌ನದು, ಮೇಲಾಗಿ 2 ವೋಲ್ಟಿಗೂ ಹೆಚ್ಚು ತಾನೇ ನುಂಗುತ್ತದೆ. ಬಿಟಿಎಸ್7960 ಬೋರ್ಡಿಗೆ ಹೇಳುವ 43 ಆಂಪಿಯರ್ ಎಂಬುದು ಚಿಪ್ಪಿನ ಮಿತಿ, ಆ ಪುಟ್ಟ ಬೋರ್ಡಿನದಲ್ಲ. ಪ್ರತಿ ಬದಿಗೆ ಎರಡು ಮೋಟಾರ್ ಪ್ಯಾರಲಲ್ ಇದ್ದರೆ ಸ್ಟಾಲ್ ಕರೆಂಟ್ 16 ಆಂಪಿಯರ್. ಚಾನೆಲ್‌ಗೆ ನಿರಂತರ 20 ಆಂಪಿಯರ್ ತಾಳುವ ಸೈಟ್ರಾನ್ ಎಂಡಿಡಿ20ಎ ಬೋರ್ಡ್ ಇದಕ್ಕೆ ಸರಿ. ಅದಕ್ಕೆ ರಿಮೋಟಿನ ರಿಸೀವರ್ ನೇರವಾಗಿ ಹೊಂದದು, ನಡುವೆ ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಕಂಟ್ರೋಲರ್ ಬೋರ್ಡ್ ಬೇಕು. ಪೂರ್ತಿ ಮುಂದಿನಿಂದ ಪೂರ್ತಿ ಹಿಂದಕ್ಕೆ ಸ್ಟಿಕ್ ಎಳೆದರೆ ಆ ಕ್ಷಣದ ಕರೆಂಟ್ ಸ್ಟಾಲ್‌ನ ಎರಡು ಪಟ್ಟಿನ ಹತ್ತಿರ ಹೋಗುತ್ತದೆ. ವೇಗ ಒಮ್ಮೆಲೇ ಬದಲಾಗದೆ 0.2 ಸೆಕೆಂಡಿನಲ್ಲಿ ಮೆಲ್ಲಗೆ ಬದಲಾಗುವಂತೆ ಕೋಡ್ ಬರೆದರೆ ಬೋರ್ಡ್ ಬದುಕುತ್ತದೆ.

ಬ್ಯಾಟರಿಗೆ 3ಎಸ್ (ಸರಣಿಯಲ್ಲಿ ಮೂರು ಸೆಲ್), 2200 ಎಂಎಎಚ್, 30ಸಿ (ಸಾಮರ್ಥ್ಯದ 30 ಪಟ್ಟು ಕರೆಂಟ್ ಕೊಡಬಲ್ಲ) ಲಿಪೊ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ ಸಾಕು. ಸರಾಸರಿ 10 ಆಂಪಿಯರ್ ಎಳೆದರೂ 3 ನಿಮಿಷದ ಪಂದ್ಯಕ್ಕೆ 500 ಎಂಎಎಚ್ ಖರ್ಚು. ಯುಪಿಎಸ್‌ನ 7 ಎಎಚ್ ಬ್ಯಾಟರಿ 2 ಕೆಜಿ ಮೀರುತ್ತದೆ, ನಿಮ್ಮ ತೂಕದ ಕಾಲು ಭಾಗ ಅದಕ್ಕೇ ಹೋಯಿತು. ನಮ್ಮ ಮೇ ತಿಂಗಳ ಬಿಸಿಲಿಗೆ ಲಿಪೊವನ್ನು ತಗಡಿನ ಶೆಡ್‌ನಲ್ಲಾಗಲಿ ಕಾರಿನಲ್ಲಾಗಲಿ ಬಿಡಲೇಬೇಡಿ.

ಇನ್ನು 6 ಮಿ.ಮೀ. ಶಾಫ್ಟು. ಚಕ್ರವನ್ನು ಅದಕ್ಕೇ ತೂಗುಬಿಟ್ಟರೆ ಮೊದಲ ಅಡ್ಡ ಪೆಟ್ಟಿಗೆ ಬಾಗುತ್ತದೆ. ಚಕ್ರದ ಆಚೆ ಬದಿಯ ಪ್ಲೇಟಿನಲ್ಲಿ 626 ಬೇರಿಂಗ್ (ಒಳರಂಧ್ರ 6 ಮಿ.ಮೀ.) ಕೂಡಿಸಿ, ಚಕ್ರವನ್ನು ಶಾಫ್ಟಿಗೆ ಜೋಡಿಸುವ ಹಬ್‌ನ ತುದಿ ಅದರಲ್ಲಿ ಕೂರುವಂತೆ ಹಬ್ ಉದ್ದ ಮಾಡಿಸಿ. ಕಪನೂರ ಕಡೆ ದಾಲ್ ಮಿಲ್ಲಿನ ಶಾಫ್ಟು, ಪುಲ್ಲಿ ಕೆಲಸ ಮಾಡುವ ಲೇತ್‌ನವರಿಗೆ ಇದು ಕಷ್ಟದ್ದಲ್ಲ. ಹಬ್ ಬಿಗಿಯುವ ಗ್ರಬ್ ಸ್ಕ್ರೂ (ತಲೆಯಿಲ್ಲದ ತಿರುಪು) ಕೂರುವಲ್ಲಿ ಶಾಫ್ಟನ್ನು ಚಪ್ಪಟೆಯಾಗಿ ಅರೆದು, ಸ್ಕ್ರೂ ಸಡಿಲವಾಗದಂತೆ ನೀಲಿ ಲೋಕ್‌ಟೈಟ್ ಅಂಟು ಹಚ್ಚಿ.

ಪರೀಕ್ಷೆ ಮನೆಯ ಶಹಾಬಾದ್ ಫರಸಿಯ ಮೇಲೆ ಬೇಡ. ಧೂಳು ಕೂತ ನುಣುಪು ಕಲ್ಲಿನಲ್ಲಿ ಚಕ್ರ ಬೇಗ ಜಾರಿ ಮೋಟಾರ್ ತಣ್ಣಗೇ ಇರುತ್ತದೆ, ಹಿಡಿತವಿರುವ ಅಖಾಡದಲ್ಲಿ ಅದೇ ಮೋಟಾರ್ ನಿಲ್ಲುತ್ತದೆ. ಪ್ಲೈವುಡ್ ಹಾಸಿ, ಗೋಡೆಗೆ ಒತ್ತಿ ಹತ್ತು ಸೆಕೆಂಡ್ ತಳ್ಳಿಸಿ, ಆಮೇಲೆ ಮೋಟಾರ್ ಮುಟ್ಟಿ ನೋಡಿ. ಬೆರಳಿಡಲು ಆಗದಷ್ಟು ಬಿಸಿಯಿದ್ದರೆ ಚಕ್ರ ಇನ್ನೂ ಚಿಕ್ಕದಾಗಬೇಕು.